ಸವಕಳಿಯ ಲೆಕ್ಕ ಬರೆದಿಡಿರಿ



ಸವೆಯುವದು ಎಂದರೇನು ಎಂಬುದನ್ನು ಒಕ್ಕಲುತನದ ಮನೆಯವರಿಗೆ ಯಾರೂ ಬಂದು ಕಲಿಸಬೇಕಾಗಿಲ್ಲ. ಕುಂಟೆಯ ಕುಡ ಹಂಗಾಮಿಗೆ ಇಷ್ಟಿಷ್ಟೇ ಸವೆಯುವದು. ಬಂಡಿಯ ಗಾಲಿಯ ಹಳಿ ತೆಳ್ಳಗಾಗುವದು. ಮಿಣಿ ಹುರಿ ಬಿಚ್ಚುವದು. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಸುಗ್ಗಿಯ ಕಣದಲ್ಲಿಯೇ ಕಂಬಾರನಿಗೆ, ಬಡಿಗನಿಗೆ ಆಯದ ಕಾಳು ಅಳೆದು ಕೊಟ್ಟು, ಮುಂದಿನ ವರ್ಷದ ಕುಡಕ್ಕೆ ಈ ವರ್ಷದ ರಾಶಿಯಿಂದಲೇ ದಾರಿ ಮಾಡಿ ಇಡುತ್ತಿದ್ದರು. ಕಣದಲ್ಲಿ ಬಿದ್ದ ರಾಶಿಯೆಲ್ಲ ನಮ್ಮದೇ ಎಂದು ಉಂಡು ತೀರಿಸುತ್ತಿರಲಿಲ್ಲ.

ಇಂದು ನಾವು ಮಾತಾಡುವದು ಇದೇ ಸವಕಳಿಯ ವಿಷಯ. ಗಡಿಯ ಕಡೆಗೆ ಮರಾಠಿ ಬಲ್ಲವರು ಇದಕ್ಕೆ ಘಸಾರಾ ಅನ್ನುತ್ತಾರೆ. ಆದಾಯ ಕರದ ಕಾಯ್ದೆಯಲ್ಲಿ ಇದಕ್ಕೆ ದೊಡ್ಡ ಸ್ಥಾನ ಉಂಟು. ಆದರೆ ಕರಕ್ಕಿಂತ ಮೊದಲು ನಿಮ್ಮ ಮನೆಯ ಹಿತದಲ್ಲಿ ಇದಕ್ಕೆ ಸ್ಥಾನ ಉಂಟು ಎಂಬುದೇ ನಾನು ಹೇಳಬೇಕೆಂದಿರುವ ಮಾತು.

ಘಟಪ್ರಭೆಯ ನೀರು ಕಾಲುವೆಗೆ ಹರಿದ ಮೇಲೆ ನಮ್ಮ ಮೂಡಲಗಿ, ಗೋಕಾಕ, ಹುಕ್ಕೇರಿ ಸೀಮೆಯಲ್ಲಿ ಕಬ್ಬು ಬಂತು, ಕಬ್ಬಿನ ಬೆನ್ನಿಗೆ ಬೇರೆ ಬೇರೆ ಗಳಿಕೆ ಬಂದವು. ಒಬ್ಬರು ಊರ ಮುಂದೆ ಹಿಟ್ಟಿನ ಗಿರಣಿ ಹಾಕಿದರು. ಇನ್ನೊಬ್ಬರು ಕಾರಖಾನೆಗೆ ಕಬ್ಬು ಹೊರಲು ಲಾರಿ ತಂದರು. ಮತ್ತೊಬ್ಬರು ನಾಲ್ಕು ಎಮ್ಮೆ, ಆರು ಆಕಳು ಕಟ್ಟಿ ಹೈನ ನಡೆಸಿದರು. ರಸ್ತೆಯ ಬದಿಗೆ ಹೊಲ ಇದ್ದವರು ಎರಡು ಅಂಗಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಇವೆಲ್ಲ ಒಳ್ಳೆಯವೇ. ಆದರೆ ಒಕ್ಕಲುತನದ ಸವಕಳಿ ಬಲ್ಲ ನಾವು ಈ ಹೊಸ ಗಳಿಕೆಯ ಸವಕಳಿಯನ್ನು ಮರೆತುಬಿಟ್ಟೆವು.

ಒಂದು ಗಿರಣಿಯ ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆಂದು ಹೇಳುತ್ತೇನೆ. ಜಾಗಕ್ಕೆ 1,00,000 ರೂಪಾಯಿ. ಅದರ ಮೇಲೆ ಕಟ್ಟಿದ ಮನೆಗೆ 1,50,000. ಗಿರಣಿ ಮತ್ತು ಮೋಟಾರಿಗೆ 2,00,000. ಬಾಕು, ಮೇಜು, ಮಾಡಕ್ಕೆ 10,000. ಕರೆಂಟು, ಕೂಲಿ, ಎಣ್ಣೆ, ಪಟ್ಟಾ ಎಲ್ಲ ಕಳೆದು ವರ್ಷದ ಕೊನೆಗೆ ಕೈಯಲ್ಲಿ 1,10,000 ರೂಪಾಯಿ ಉಳಿಯಿತು ಎನ್ನಿರಿ. ಮನೆಯವರು ಏನನ್ನುತ್ತಾರೆ? "ಗಿರಣಿ ಒಂದು ಲಕ್ಷದ ಮ್ಯಾಲೆ ಲಾಭಾ ಕೊಟ್ಟೈತಿ" ಅನ್ನುತ್ತಾರೆ. ಮದುವೆಗೆ, ಜಾತ್ರೆಗೆ, ಗಾಡಿಗೆ ಅದು ಖರ್ಚಾಗುವದು. ಹೀಗೆ ಎಂಟು ಹತ್ತು ವರ್ಷ ನಡೆಯುವದು. ಒಂದು ದಿವಸ ಮೋಟಾರು ಸುಟ್ಟು, ಕಲ್ಲು ಸವೆದು, ಗಿರಣಿ ನಿಲ್ಲುವದು. ಹೊಸದು ತರಲಿಕ್ಕೆ ಪೆಟ್ಟಿಗೆಯಲ್ಲಿ ಏನೂ ಇಲ್ಲ. ಆಗ ಹೊಲದ ಉತಾರ ಹಿಡಿದುಕೊಂಡು ಸಾಲಕ್ಕೆ ಹೋಗುವದು. ಇಂಥ ಮನೆಗಳನ್ನು ನೀವೂ ನಿಮ್ಮ ಊರಲ್ಲಿ ಕಂಡಿರಬೇಕು.

ತಪ್ಪು ಎಲ್ಲಿ ಆಯಿತು? ಆ 1,10,000 ಎಲ್ಲವೂ ಲಾಭ ಆಗಿರಲಿಲ್ಲ. ಅದರಲ್ಲಿ ಒಂದು ಪಾಲು ಗಿರಣಿ ತನ್ನ ಮೈ ತೇದು ಕೊಟ್ಟದ್ದು. ಅದು ಭಾಂಡವಲ. ಭಾಂಡವಲವನ್ನು ಲಾಭವೆಂದು ಉಂಡರು.

ಕಾಯ್ದೆ ಮಾಡಿದವರು ಈ ಮಾತನ್ನು ಒಪ್ಪಿಕೊಂಡಿದ್ದಾರೆ. ಆದ್ದರಿಂದಲೇ ವ್ಯವಹಾರದ ಲಾಭ ಎಣಿಸುವಾಗ, ಆ ವರ್ಷ ಕೈಯಿಂದ ಹಣ ಹೋಗದಿದ್ದರೂ, ಸವಕಳಿಯನ್ನು ಖರ್ಚಿನಂತೆ ಕಳೆಯಲಿಕ್ಕೆ ಬಿಡುತ್ತಾರೆ. 1922ರ ಆದಾಯ ಕರದ ಕಾಯ್ದೆಯಲ್ಲಿಯೂ ಇದು ಇತ್ತು, 1961ರ ಕಾಯ್ದೆಯಲ್ಲಿಯೂ ಬಂತು. 2025ರಲ್ಲಿ ಹೊಸ ಕಾಯ್ದೆ ಆಗಿ, ಅದನ್ನು 2026ರ ಏಪ್ರಿಲ್ 1ರಿಂದ ಜಾರಿಗೆ ಗೊತ್ತುಮಾಡಿದರು. ಅದರಲ್ಲಿಯೂ ಸವಕಳಿಯ ತತ್ವ ಉಳಿದಿದೆ. ನಾನು ಹೇಳುವ ದರಗಳು 1961ರ ಕಾಯ್ದೆಯ ನಿಯಮಗಳಲ್ಲಿ ನಿಂತು ಬಂದವು. ಪತ್ರಕ ತುಂಬುವ ವರ್ಷ, ಆ ವರ್ಷದ ದರ ಇದೇ ಹೌದೋ ಎಂದು ಒಮ್ಮೆ ಕೇಳಿಕೊಳ್ಳಿರಿ.

ಇಲ್ಲಿ ಯಾರಾದರೂ ಕೇಳಬಹುದು: "ಒಕ್ಕಲುತನದ ಉತ್ಪನ್ನಕ್ಕೆ ಕರಾನೇ ಇಲ್ಲಲ್ರೀ, ಇದು ನಮಗ್ಯಾಕ?" ಮಾತು ಖರೆ. ನಿಮ್ಮ ಹೊಲದ ಬೆಳೆಯ ಉತ್ಪನ್ನಕ್ಕೆ ಈ ಕರ ಇಲ್ಲ. ಹೊಲದಲ್ಲಿ ದುಡಿಯುವ ಪಂಪು, ನೇಗಿಲು, ಎತ್ತುಗಳ ಸವಕಳಿಯನ್ನು ಸರಕಾರಕ್ಕೆ ತೋರಿಸುವ ಪ್ರಸಂಗವೂ ಬರುವದಿಲ್ಲ. ಆದರೆ ಗಿರಣಿ, ಲಾರಿ, ಹೈನ, ಅಂಗಡಿ, ಇವು ಒಕ್ಕಲುತನವಲ್ಲ. ಮೇವು ನಿಮ್ಮ ಹೊಲದ್ದೇ ಆದರೂ ಹಾಲಿನ ಗಳಿಕೆ ವ್ಯವಹಾರದ ಗಳಿಕೆ. ಬಾಡಿಗೆ ಪಡೆದು ಬೇರೆಯವರ ಕಬ್ಬನ್ನು ಗಾಣದಲ್ಲಿ ಅರೆದುಕೊಟ್ಟರೆ ಅದೂ ವ್ಯವಹಾರ. ನಿಮ್ಮದೇ ಕಬ್ಬಿನಿಂದ ಬೆಲ್ಲ ಮಾಡಿದರೂ, ಕಬ್ಬು ಹಾಗೆಯೇ ಮಾರಾಟವಾಗುವ ಸೀಮೆಯಲ್ಲಿ, ಬೆಲ್ಲ ಮಾಡಿದ್ದರಿಂದ ಬಂದ ಹೆಚ್ಚಿನ ಲಾಭವನ್ನು ವ್ಯವಹಾರದ್ದೆಂದು ಎಣಿಸಿದ ಹೈಕೋರ್ಟಿನ ತೀರ್ಪುಗಳು ಇವೆ.

ಇನ್ನೊಂದು ಸಂಗತಿ. ಹೊಲದ ನಿವ್ವಳ ಉತ್ಪನ್ನ ವರ್ಷಕ್ಕೆ 5,000 ರೂಪಾಯಿ ಮೀರಿ, ಬೇರೆ ಗಳಿಕೆಯೂ ಕರದ ಮಿತಿಯನ್ನು ದಾಟಿದರೆ, ಕರದ ದರ ಗೊತ್ತುಮಾಡಲಿಕ್ಕೆ ಎರಡನ್ನೂ ಕೂಡಿಸಿ ನೋಡುವ ಪದ್ಧತಿ 1973ರ ಹಣಕಾಸು ಕಾಯ್ದೆಯಿಂದ ಬಂದಿದೆ. ಹೊಲದ ಉತ್ಪನ್ನಕ್ಕೆ ಕರ ಹಾಕದಿದ್ದರೂ ಅದು ಗಿರಣಿಯ ಲಾಭದ ಮೇಲಿನ ದರವನ್ನು ಏರಿಸಬಹುದು. ಆಗ ಗಿರಣಿಯ ಲಾಭವನ್ನು ಸವಕಳಿ ಕಳೆದು ಸರಿಯಾಗಿ ತೋರಿಸುವದು ಅವಶ್ಯ.

ಈಗ ಯಾವದಕ್ಕೆ ಎಷ್ಟು ಸವಕಳಿ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಜಾಗ. ಜಾಗಕ್ಕೆ ಸವಕಳಿ ಇಲ್ಲ, ಒಂದು ಪೈಯೂ ಇಲ್ಲ. ಮನೆ ನಿಂತ ಜಾಗವೂ ಮನೆಯ ಭಾಗವಲ್ಲವೇ ಎಂಬ ವಾದ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಆಲ್ಪ್ಸ್ ಥಿಯೇಟರ್ ಎಂಬ ಸಿನೇಮಾ ಮಂದಿರದ ಆ ಪ್ರಕರಣದಲ್ಲಿ ಕೋರ್ಟು 1967ರಲ್ಲಿ ತೀರ್ಪು ಕೊಟ್ಟಿತು. ಸವಕಳಿ ಕಟ್ಟಡಕ್ಕೆ ಮಾತ್ರ, ಕೆಳಗಿನ ಜಾಗಕ್ಕೆ ಅಲ್ಲ ಎಂದು ಹೇಳಿತು. ಆದ್ದರಿಂದ ಕಟ್ಟಡವನ್ನು ಜಾಗದೊಂದಿಗೆ ಕೊಂಡರೆ ಎರಡರ ಬೆಲೆಯನ್ನು ಬೇರೆ ಬೇರೆ ಮಾಡಿ ಬರೆದಿಟ್ಟುಕೊಳ್ಳಿರಿ.

"ಮಣ್ಣು ಸವಿಯೂದಿಲ್ಲೇನ್ರೀ? ಸವಳು ಹತ್ತಿದ ಹೊಲಾ ನೋಡ್ರಿ" ಎಂದು ನೀವು ಕೇಳಿದರೆ ಅದು ನ್ಯಾಯದ ಪ್ರಶ್ನೆಯೇ. ಕಾಲುವೆಯ ಕೆಳಗೆ ನೀರು ಹೆಚ್ಚಾಗಿ ಸವಳು ಜವಳು ಆದ ಭೂಮಿಯನ್ನು ನಾವೆಲ್ಲ ಕಂಡಿದ್ದೇವೆ. ಕಾಯ್ದೆ ಅದಕ್ಕೆ ಏನನ್ನೂ ಕಳೆದು ಕೊಡುವದಿಲ್ಲ. ಹಿತಮಿತ ನೀರು, ಬಸಿಗಾಲುವೆ, ಹಸಿರು ಗೊಬ್ಬರ, ಇವೇ ಆ ಸವಕಳಿಗೆ ಮದ್ದು. ಅದನ್ನು ನೀವೇ ಮಾಡಬೇಕು.

ಎರಡನೆಯದು ಕಟ್ಟಡ. ಗಿರಣಿಯ ಮನೆ, ಅಂಗಡಿ, ಉಗ್ರಾಣ, ಇಂಥ ವ್ಯವಹಾರದ ಕಟ್ಟಡಕ್ಕೆ ಶೇಕಡಾ 10. ವಾಸದ ಕಟ್ಟಡಕ್ಕೆ, ಆಳುಗಳು ಇರಲೆಂದು ಕಟ್ಟಿಸಿದ ಮನೆಯಂಥದಕ್ಕೆ, ಶೇಕಡಾ 5. ಕಟ್ಟಡದ ಮೂರರಲ್ಲಿ ಎರಡು ಪಾಲು ನೆಲ ವಾಸಕ್ಕೆ ಇದ್ದರೆ ಅದು ವಾಸದ ಕಟ್ಟಡವೆಂದು ಎಣಿಕೆ. ಕಟ್ಟಿಗೆಯ ಗಳ ನಿಲ್ಲಿಸಿ ಹಾಕಿದ ಕೇವಲ ತಾತ್ಪೂರ್ತಿಕ ಚಪ್ಪರಕ್ಕೆ ಶೇಕಡಾ 40. ಇಲ್ಲಿ ಒಕ್ಕಲಿಗರು ಗಮನಿಸಬೇಕಾದ ಒಂದು ಮಾತು: ಬಾವಿ, ಕೊಳವೆ ಬಾವಿ, ರಸ್ತೆ, ಮೋರಿ ಇವೂ ನಿಯಮದಲ್ಲಿ ಕಟ್ಟಡದಲ್ಲಿ ಸೇರಿವೆ. ಹೈನಕ್ಕೆಂದು ಕೊರೆಸಿದ ಕೊಳವೆ ಬಾವಿಯ ಖರ್ಚಿಗೂ ಸವಕಳಿ ಉಂಟು.

ಮೂರನೆಯದು ಯಂತ್ರ. ಗಿರಣಿ, ಮೋಟಾರು, ಗಾಣ, ಹಾಲು ಕರೆಯುವ ಯಂತ್ರ, ಇವಕ್ಕೆ ಸಾಮಾನ್ಯ ದರ ಶೇಕಡಾ 15. ಬಾಡಿಗೆಗೆ ಓಡಿಸುವ ವ್ಯವಹಾರದ ಲಾರಿ, ಬಸ್ಸು, ಟ್ಯಾಕ್ಸಿಗೆ ಶೇಕಡಾ 30, ಯಾಕೆಂದರೆ ಅವು ಬೇಗ ಸವೆಯುವವು. ಟ್ರ್ಯಾಕ್ಟರಿನ ಹೆಸರು ಈ ಮೂರರಲ್ಲಿ ಇಲ್ಲ. ಅದನ್ನು ಸಾಮಾನ್ಯ ಯಂತ್ರವೆಂದು ಹಿಡಿಯುವದು ಕ್ಷೇಮ. ಕಂಪ್ಯೂಟರಿಗೆ ಶೇಕಡಾ 40. ಮೇಜು, ಕುರ್ಚಿ, ಕಪಾಟು, ವಿದ್ಯುತ್ ಜೋಡಣೆಗೆ ಶೇಕಡಾ 10.

ನಾಲ್ಕನೆಯದು ದನ. ಹೈನದ ಆಕಳು, ಎಮ್ಮೆಗೆ ವರ್ಷಾ ವರ್ಷಾ ಸವಕಳಿ ಇಲ್ಲ. ಆದರೆ ದನ ಸತ್ತರೆ, ಇಲ್ಲವೆ ಶಾಶ್ವತವಾಗಿ ಕೆಲಸಕ್ಕೆ ಬಾರದಂತಾದರೆ, ಕೊಂಡ ಬೆಲೆಯಲ್ಲಿ ಅದರಿಂದ ಬಂದ ಹಣ ಕಳೆದು ಉಳಿದದ್ದನ್ನು ಆ ವರ್ಷದ ಖರ್ಚಾಗಿ ಹಿಡಿಯಬಹುದು. 60,000 ರೂಪಾಯಿಗೆ ಕೊಂಡ ಆಕಳು ಗೊಡ್ಡಾಗಿ ಕೆಲಸಕ್ಕೆ ಬಾರದೆ 12,000ಕ್ಕೆ ಹೋಯಿತು ಎಂದರೆ 48,000 ರೂಪಾಯಿ ಖರ್ಚು. ಇದಕ್ಕೆ ಆಕಳು ಕೊಂಡಾಗಿನ ಚೀಟಿ ಬೇಕು. ಸಂತೆಯಲ್ಲಿ ಬಾಯಿಮಾತಿನಿಂದ ಕೊಂಡವರಿಗೆ ತೋರಿಸಲಿಕ್ಕೆ ಏನೂ ಇರುವದಿಲ್ಲ.

ಐದನೆಯದು ಬಾಡಿಗೆಗೆ ಕೊಟ್ಟ ಮನೆ, ಅಂಗಡಿ. ಇಲ್ಲಿ ಬಹಳ ಜನ ತಪ್ಪುತ್ತಾರೆ. ನೀವೇ ಅಂಗಡಿ ನಡೆಸಿದರೆ ಕಟ್ಟಡಕ್ಕೆ ಸವಕಳಿ ಉಂಟು. ಅದೇ ಅಂಗಡಿಯನ್ನು ಬಾಡಿಗೆಗೆ ಕೊಟ್ಟು ಕುಳಿತರೆ ಸವಕಳಿ ಇಲ್ಲ. ಅದರ ಬದಲು, ಪಟ್ಟಣದ ಕರ ಕಟ್ಟಿದ್ದನ್ನು ಕಳೆದು ಉಳಿದ ಬಾಡಿಗೆಯಲ್ಲಿ ಶೇಕಡಾ 30 ಬಿಟ್ಟುಕೊಡುತ್ತಾರೆ. ನೀವು ಆ ವರ್ಷ ಸುಣ್ಣ ಬಳಿಸಿದರೂ ಸರಿ, ಬಳಿಸದಿದ್ದರೂ ಸರಿ, ಅಷ್ಟೇ. ಎರಡನ್ನೂ ಒಂದೇ ಕಟ್ಟಡಕ್ಕೆ ಕೇಳಲಿಕ್ಕೆ ಬರುವದಿಲ್ಲ.

ಇನ್ನು ಎಣಿಸುವ ರೀತಿ. ಸವಕಳಿಯನ್ನು ವರ್ಷಾ ವರ್ಷಾ ಮೂಲ ಬೆಲೆಯ ಮೇಲೆ ಹಿಡಿಯುವದಲ್ಲ. ಉಳಿದ ಬೆಲೆಯ ಮೇಲೆ ಹಿಡಿಯುವದು. ನಮ್ಮ ಗಿರಣಿ 2,00,000ದ್ದು. ಮೊದಲ ವರ್ಷ ಶೇಕಡಾ 15ರಂತೆ 30,000. ಉಳಿದದ್ದು 1,70,000. ಎರಡನೆಯ ವರ್ಷ ಇದರ ಶೇಕಡಾ 15, ಅಂದರೆ 25,500. ಉಳಿದದ್ದು 1,44,500. ಮೂರನೆಯ ವರ್ಷ 21,675. ಹೀಗೆ ಇಳಿಯುತ್ತ ಐದು ವರ್ಷದ ಕೊನೆಗೆ 88,741 ರೂಪಾಯಿ ಉಳಿಯುವದು.

ಹಿಂದೆ ಹೇಳಿದ ಗಿರಣಿಯ ಲಾಭವನ್ನು ಈಗ ಮತ್ತೆ ಎಣಿಸಿರಿ. ಯಂತ್ರಕ್ಕೆ 30,000, ಕಟ್ಟಡಕ್ಕೆ 15,000, ಬಾಕು ಮೇಜಿಗೆ 1,000. ಒಟ್ಟು ಸವಕಳಿ 46,000. 1,10,000ದಲ್ಲಿ ಇದನ್ನು ಕಳೆದರೆ ಖರೆ ಲಾಭ 64,000. ಮನೆಯವರು ಖರ್ಚು ಮಾಡಬಹುದಾಗಿದ್ದ ಹಣ ಇಷ್ಟೇ.

ದಿವಸದ ಲೆಕ್ಕವೂ ಒಂದುಂಟು. ಕರದ ವರ್ಷ ಏಪ್ರಿಲ್ 1ಕ್ಕೆ ಹುಟ್ಟಿ ಮಾರ್ಚ 31ಕ್ಕೆ ಮುಗಿಯುವದು. ಹೊಸ ವಸ್ತುವನ್ನು ಕೊಂಡ ವರ್ಷದಲ್ಲಿ 180 ದಿವಸಕ್ಕಿಂತ ಕಡಿಮೆ ಉಪಯೋಗಿಸಿದರೆ ಆ ವರ್ಷ ಅರ್ಧ ಸವಕಳಿ. ನಮ್ಮಲ್ಲಿ ದೀಪಾವಳಿಯ ಪಾಡ್ಯದ ದಿನ ಪೂಜೆ ಮಾಡಿ ಗಿರಣಿ ಚಾಲೂ ಮಾಡುವವರು ಉಂಟು. ಪಾಡ್ಯದಿಂದ ಮಾರ್ಚ 31ರ ತನಕ 180 ದಿವಸ ತುಂಬುವದಿಲ್ಲ. ಆ ವರ್ಷ 30,000ದ ಬದಲು 15,000 ಮಾತ್ರ ಸಿಗುವದು. ಉಳಿದದ್ದು ಹಾಳಾಗುವದಿಲ್ಲ, ಮುಂದಿನ ವರ್ಷದ ಬೆಲೆಯಲ್ಲಿ ನಿಂತಿರುವದು. ಮುಹೂರ್ತ ಬಿಡಿರಿ ಎಂದು ನಾನು ಹೇಳುವದಿಲ್ಲ, ಲೆಕ್ಕ ತಿಳಿದಿರಲಿ ಎನ್ನುತ್ತೇನೆ.

ಇನ್ನು ಎಡವುವ ಜಾಗಗಳನ್ನು ಹೇಳುತ್ತೇನೆ, ಲಕ್ಷ್ಯ ಕೊಟ್ಟು ಕೇಳಿರಿ.

ಒಂದು, ರೋಖ. ಒಂದೇ ದಿವಸ ಒಬ್ಬರಿಗೆ 10,000 ರೂಪಾಯಿ ಮೀರಿ ರೋಖ ಕೊಟ್ಟು ವಸ್ತು ಕೊಂಡರೆ, ಆ ಹಣವನ್ನು ವಸ್ತುವಿನ ಬೆಲೆಯಲ್ಲಿ ಎಣಿಸುವದಿಲ್ಲ. ಈ ನಿಯಮ 2017ರ ಹಣಕಾಸು ಕಾಯ್ದೆಯಿಂದ ಬಂತು. ಎರಡು ಲಕ್ಷದ ಗಿರಣಿಯನ್ನು ನೋಟು ಎಣಿಸಿ ಕೊಟ್ಟು ತಂದವನಿಗೆ ಸವಕಳಿಯೇ ಇಲ್ಲದಂತಾಗುವದು. ಬ್ಯಾಂಕಿನ ಮುಖಾಂತರವೇ ಹಣ ಕೊಡಿರಿ.

ಎರಡು, ಸಹಾಯ ಧನ. ಯಂತ್ರದ ಬೆಲೆಯಲ್ಲಿ ಸರಕಾರ ಕೊಟ್ಟ ಪಾಲನ್ನು ಕಳೆದು, ಉಳಿದದ್ದಕ್ಕೆ ಮಾತ್ರ ಸವಕಳಿ. ನೀವು ಕೊಡದೆ ಇದ್ದ ಹಣ ನಿಮ್ಮದು ಸವೆಯಲಿಲ್ಲ ಎಂದು ಅರ್ಥ.

ಮೂರು, ಹೆಸರು. ವಸ್ತು ಯಾರ ಹೆಸರಿನಲ್ಲಿದೆಯೋ ಅವರೇ ಅದನ್ನು ವ್ಯವಹಾರಕ್ಕೆ ಬಳಸುತ್ತಿರಬೇಕು. ಪಾವತಿ ತಂದೆಯ ಹೆಸರಿಗೆ, ವ್ಯವಹಾರ ಮಗನ ಹೆಸರಿಗೆ ಇದ್ದರೆ ತಂಟೆ ಬರುವದು. ಕೊಳ್ಳುವ ದಿವಸವೇ ಮನೆಯಲ್ಲಿ ಕುಳಿತು ವಿಚಾರ ಮಾಡಿರಿ.

ನಾಲ್ಕು, ಎರಡೂ ಕಡೆ ದುಡಿಯುವ ವಸ್ತು. ಟ್ರ್ಯಾಕ್ಟರು ನಿಮ್ಮ ಹೊಲವನ್ನೂ ಉಳುವದು, ಬಾಡಿಗೆಗೂ ಹೋಗುವದು. 6,00,000ದ ಟ್ರ್ಯಾಕ್ಟರಿಗೆ ಮೊದಲ ವರ್ಷದ ಸವಕಳಿ 90,000. ನೂರು ತಾಸಿನಲ್ಲಿ 60 ತಾಸು ಬಾಡಿಗೆಗೆ ದುಡಿದರೆ, ಬಾಡಿಗೆಯ ಲೆಕ್ಕದಲ್ಲಿ 54,000 ಮಾತ್ರ ಹಿಡಿಯಬೇಕು. ಅದಕ್ಕೆ ತಾಸಿನ ಪುಸ್ತಕ ಇಡಿರಿ. ಮಕ್ಕಳು ಸಾಲೆ ಕಲಿತಿದ್ದಾರೆ, ಅವರಿಗೆ ಬರೆಯಲು ಹಚ್ಚಿರಿ.

ಐದು, ಕೇಳದಿದ್ದರೂ ಇಳಿಯುವ ಬೆಲೆ. "ಈ ವರ್ಷ ಸವಕಳಿ ಬ್ಯಾಡ, ಮುಂದ ಕೂಡಿಸಿ ಹಿಡದರಾತು" ಎಂದು ಬಿಡಲಿಕ್ಕೆ ಬರುವದಿಲ್ಲ. ನೀವು ಕೇಳಿದರೂ ಕೇಳದಿದ್ದರೂ ಕಾಯ್ದೆ ಅದನ್ನು ಕೊಟ್ಟಂತೆಯೇ ಎಣಿಸುವದು. ಸಣ್ಣ ವ್ಯವಹಾರದವರು ಪೂರಾ ಹಿಶೇಬು ಇಡದೆ, ವಹಿವಾಟಿನಲ್ಲಿ ಶೇಕಡಾ 8, ಬ್ಯಾಂಕಿನ ಮುಖಾಂತರ ಬಂದ ಹಣಕ್ಕೆ ಶೇಕಡಾ 6, ಲಾಭವೆಂದು ತೋರಿಸುವ ಸೌಲಭ್ಯ ಉಂಟು. ಅದನ್ನು ಹಿಡಿದವರು ಮತ್ತೆ ಸವಕಳಿ ಕಳೆಯಲಿಕ್ಕೆ ಬರುವದಿಲ್ಲ, ಅದರಲ್ಲಿಯೇ ಎಲ್ಲ ಬಂತು. ಆದರೆ ಯಂತ್ರದ ಬೆಲೆ ಮಾತ್ರ ಪುಸ್ತಕದಲ್ಲಿ ಇಳಿಯುತ್ತಲೇ ಹೋಗುವದು.

ಆರು, ಮಾರಾಟ. ಐದು ವರ್ಷ ಬಳಸಿ, 88,741ಕ್ಕೆ ಇಳಿದ ಗಿರಣಿಯನ್ನು 1,20,000ಕ್ಕೆ ಮಾರಿದಿರಿ ಎನ್ನಿರಿ. "ಎರಡು ಲಕ್ಷದ್ದು ಮಾರಿ ಎಂಬತ್ತು ಸಾವಿರ ಲುಕ್ಸಾನ ಆಗೇತಿ" ಎಂದು ನೀವು ತಿಳಿಯುವಿರಿ. ಕಾಯ್ದೆ ಹಾಗೆ ತಿಳಿಯುವದಿಲ್ಲ. ಅದೇ ದರದ ಬೇರೆ ಯಂತ್ರ ನಿಮ್ಮಲ್ಲಿ ಇರದಿದ್ದರೆ, ಹೆಚ್ಚಿಗೆ ಬಂದ 31,259 ರೂಪಾಯಿಯನ್ನು ಗಳಿಕೆಯೆಂದು ಎಣಿಸುವದು. ಒಂದೇ ಜಾತಿಯ, ಒಂದೇ ದರದ ವಸ್ತುಗಳನ್ನು ಒಂದು ಗುಂಪು ಮಾಡಿ ಎಣಿಸುವ ಪದ್ಧತಿ 1988ರ ಏಪ್ರಿಲ್‌ನಿಂದ ಬಂದಿದೆ. ಆದ್ದರಿಂದ ಅದೇ ವರ್ಷ ಹೊಸ ಗಿರಣಿ ಕೊಂಡರೆ ಅದರ ಬೆಲೆ ಗುಂಪಿಗೆ ಸೇರಿ, ಈ ಗಳಿಕೆ ಅದರಲ್ಲಿ ಮುಚ್ಚಿಹೋಗುವದು. ಹಳೆಯದನ್ನು ಮಾರ್ಚದಲ್ಲಿ ಮಾರಿ ಹೊಸದನ್ನು ಏಪ್ರಿಲ್‌ದಲ್ಲಿ ಕೊಳ್ಳುವ ಮೊದಲು ಈ ಮಾತು ನೆನಪಿರಲಿ.

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಒಬ್ಬರು ಅನ್ನಬಹುದು: "ನನ್ನ ಗಳಿಕಿ ಸಣ್ಣದ್ರೀ, ನನಗ ಕರಾ ಬೀಳೂದs ಇಲ್ಲ." ಹೌದು. 2025-26ನೆಯ ವರ್ಷಕ್ಕೆ ಹೊಸ ದರದ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಗಳಿಕೆಗೆ ರಿಯಾಯಿತಿ ಕೊಟ್ಟು ಕರ ಬೀಳದಂತೆ ಮಾಡಿದರು. ಹಳ್ಳಿಯ ಅನೇಕ ಮನೆಗಳಿಗೆ ಕರದ ಚಿಂತೆ ತಪ್ಪಿತು. ಆದರೆ ಗಿರಣಿಯ ಕಲ್ಲಿಗೆ ಈ ರಿಯಾಯಿತಿ ಗೊತ್ತಿಲ್ಲ. ಅದು ಸವೆಯುತ್ತಲೇ ಇರುವದು. ಕರ ಕಟ್ಟದವನ ಯಂತ್ರವೂ ಕರ ಕಟ್ಟುವವನ ಯಂತ್ರದಷ್ಟೇ ಬೇಗ ಮುಗಿಯುವದು.

ಗೋಕಾಕ ಫಾಲ್ಸ್‌ದಲ್ಲಿ 1887ರಿಂದ ನೂಲಿನ ಗಿರಣಿ ನಡೆಯಿತು. ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿ ಕಂಬ, ತಂತಿ ಹಾಕಿ ಹಳ್ಳಿಗೆ ಬೆಳಕು ಕೊಟ್ಟಿತು. ಸಂಕೇಶ್ವರದಲ್ಲಿ ಸಹಕಾರಿ ಸಕ್ಕರೆ ಕಾರಖಾನೆ ನಿಂತಿತು. ಇಂಥ ದೊಡ್ಡ ಸಂಸ್ಥೆಗಳ ವಾರ್ಷಿಕ ತಖ್ತೆಯಲ್ಲಿ ಸವಕಳಿ ಎಂದೇ ಒಂದು ಬಾಬು ಇರುವದು. ನೀವು ಸಹಕಾರಿ ಸಂಘದ ಶೇರುದಾರರಾಗಿದ್ದರೆ ನಿಮಗೆ ಕೊಟ್ಟ ಅಹವಾಲಿನಲ್ಲಿ ಆ ಬಾಬನ್ನು ಹುಡುಕಿ ನೋಡಿರಿ. ದೊಡ್ಡವರಿಗೆ ಬೇಕಾದ ಲೆಕ್ಕ ಸಣ್ಣವರಿಗೆ ಇನ್ನೂ ಹೆಚ್ಚು ಬೇಕು, ಯಾಕೆಂದರೆ ಸಣ್ಣವರ ಹಿಂದೆ ಇರುವದು ಎರಡು ಎಕರೆ ಹೊಲ ಒಂದೇ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಒಂದು ಪುಸ್ತಕ ತನ್ನಿರಿ. ಒಂದೊಂದು ವಸ್ತುವಿಗೆ ಒಂದು ಹಾಳೆ. ಕೊಂಡ ತಾರೀಖು, ಬೆಲೆ, ಹಣ ಕೊಟ್ಟ ರೀತಿ, ಸಹಾಯ ಧನ, ಚಾಲೂ ಮಾಡಿದ ತಾರೀಖು ಬರೆಯಿರಿ. ಪಾವತಿಯನ್ನು ಅದೇ ಹಾಳೆಗೆ ಅಂಟಿಸಿರಿ. ಪ್ರತಿ ಮಾರ್ಚ ಕೊನೆಗೆ ಸವಕಳಿ ಕಳೆದು ಉಳಿದ ಬೆಲೆ ಬರೆಯಿರಿ. ಮನೆಯ ಹೆಣ್ಣುಮಕ್ಕಳೇ ಗಿರಣಿಯ ಗಲ್ಲೆ ನೋಡಿಕೊಳ್ಳುವ ಮನೆಗಳಲ್ಲಿ ಈ ಪುಸ್ತಕವೂ ಅವರ ಕೈಯಲ್ಲಿಯೇ ಇರಲಿ.

ಆಮೇಲೆ, ಬರೆದಷ್ಟು ಹಣವನ್ನು ಬೇರೆ ಪಾಸ್‌ಬುಕ್ಕಿಗೆ ಹಾಕಿರಿ. ಇದು ಎಲ್ಲಕ್ಕೂ ಮುಖ್ಯ. ಕಾಯ್ದೆ ಬರೆಯಲಿಕ್ಕೆ ಬಿಡುತ್ತದೆ, ಕೂಡಿಡುವದು ನಿಮ್ಮ ಕೆಲಸ. ನಮ್ಮ ಗಿರಣಿಯ ಲೆಕ್ಕದಂತೆ ಯಂತ್ರವೊಂದಕ್ಕೇ ಐದು ವರ್ಷದಲ್ಲಿ 1,11,259 ರೂಪಾಯಿ ಕೂಡುವದು. ಹಳೆಯ ಗಿರಣಿ ಮಾರಿದ ಹಣ ಅದಕ್ಕೆ ಸೇರಿದರೆ ಹೊಸ ಗಿರಣಿಗೆ ಸಾಲ ಬೇಕಾದರೂ ಸ್ವಲ್ಪವೇ ಬೇಕಾದೀತು, ಹೊಲದ ಉತಾರ ಪೆಟ್ಟಿಗೆಯಲ್ಲಿಯೇ ಇದ್ದೀತು.

ಭೂಮಿಗೆ ಸವಕಳಿ ಇಲ್ಲ ಎಂದು ಕಾಯ್ದೆ ಹೇಳುತ್ತದೆ. ಆದರೆ ಯಂತ್ರದ ಸವಕಳಿ ಬರೆಯದ ಮನೆಯಲ್ಲಿ ಕಡೆಗೆ ಕರಗುವದು ಭೂಮಿಯೇ. ಬರುವ ಮಾರ್ಚ ಕೊನೆಗೆ ಮೊದಲ ಹಾಳೆ ಬರೆಯಿರಿ.